ಲೈಟಿಂಗ್ ಸರ್ಕ್ಯೂಟಿಗೆ ಮೆಗ್ಗರ್: 500 ವೋಲ್ಟೋ, 250 ವೋಲ್ಟೋ?

ಮೆಗ್ಗರ್ ಎಂದರೆ ಹೆಚ್ಚಿನ ಡಿಸಿ ವೋಲ್ಟೇಜ್ ಕೊಟ್ಟು ವೈರಿನ ಇನ್ಸುಲೇಶನ್ (ಕರೆಂಟ್ ಸೋರದಂತೆ ತಡೆಯುವ ಹೊದಿಕೆ) ಅಳೆಯುವ ಮೀಟರ್. 230 ವೋಲ್ಟಿನ ಮನೆ ವೈರಿಂಗಿಗೆ ಮೊದಲ ಆಯ್ಕೆ 500 ವೋಲ್ಟ್ ಡಿಸಿ. ಮೇನ್ ಆಫ್ ಮಾಡಿ, ಸಪ್ಲೈ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಬಲ್ಬು, ಎಲ್‌ಇಡಿ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಕೊಡುವ ಎಲೆಕ್ಟ್ರಾನಿಕ್ ಭಾಗ), ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಎಲ್ಲ ಬಿಚ್ಚಿ. ನ್ಯೂಟ್ರಲ್ ವೈರನ್ನು ನ್ಯೂಟ್ರಲ್ ಲಿಂಕ್‌ನಿಂದ (ನ್ಯೂಟ್ರಲ್ ವೈರುಗಳೆಲ್ಲ ಸೇರುವ ಪಟ್ಟಿಯಿಂದ) ಬಿಡಿಸಿ, ಸ್ವಿಚ್‌ಗಳನ್ನು ಆನ್ ಇಟ್ಟು ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಅಳೆಯಿರಿ. ಮೆಟ್ಟಿಲಿನ ಟೂ-ವೇ ಸ್ವಿಚ್ ಇದ್ದರೆ ಒಂದನ್ನು ಬದಲಿಸಿ ಮತ್ತೊಮ್ಮೆ ಅಳೆಯಲೇಬೇಕು; ಇಲ್ಲದಿದ್ದರೆ ಒಂದು ವೈರು ಪರೀಕ್ಷೆಯಾಗದೆ ಉಳಿಯುತ್ತದೆ. ಪ್ರತಿ ಅಳತೆಯಲ್ಲೂ ಕನಿಷ್ಠ 1 ಮೆಗಾಓಮ್ (10 ಲಕ್ಷ ಓಮ್) ಬೇಕು. ಆದರೆ ಹೊಸ ವೈರಿಂಗಿನಲ್ಲಿ 2–3 ಬಂದರೆ ಪಾಸ್ ಎಂದು ಬಿಡಬೇಡಿ: ಜಂಕ್ಷನ್ ಬಾಕ್ಸಿನಲ್ಲಿ ತೇವವೋ, ಪೈಪಿನೊಳಗೆ ತರಚಿದ ವೈರೋ ಹುಡುಕಿ.

ಫಾಲ್ಸ್ ಸೀಲಿಂಗ್ ಒಳಗಿನ ಡ್ರೈವರ್ ಬಿಚ್ಚಲಾಗದಿದ್ದರೆ ಮಾತ್ರ 250 ವೋಲ್ಟ್. ಫೇಸ್, ನ್ಯೂಟ್ರಲ್ ಎರಡನ್ನೂ ಜೋಡಿಸಿ ಅರ್ತ್‌ಗೆ ಅಳೆಯಿರಿ; ಇಲ್ಲೂ ಮಿತಿ 1 ಮೆಗಾಓಮ್. ಡ್ರೈವರಿಗೆ ಪೆಟ್ಟಾಗುವ ಭಯ ಕಡಿಮೆ. ಆದರೆ ಫೇಸ್–ನ್ಯೂಟ್ರಲ್ ನಡುವಿನ ದೋಷ ಕಾಣುವುದೇ ಇಲ್ಲ, ಬಲಹೀನ ಇನ್ಸುಲೇಶನ್ ತಪ್ಪಿಸಿಕೊಳ್ಳಬಹುದು.

ಮಲ್ಟಿಮೀಟರ್ ಈ ಕೆಲಸಕ್ಕಲ್ಲ. ಅದರ ಕೆಲವೇ ವೋಲ್ಟಿಗೆ ಕೆಟ್ಟ ಇನ್ಸುಲೇಶನ್ ಕೂಡ ಚೆನ್ನಾಗಿಯೇ ತೋರುತ್ತದೆ.