ಕಾಡು ಬೆಳೆಸಿದರೆ ದುಡ್ಡು ಅಂದರು, ಸಿಲ್ವರ್ ಮರ ಕಡಿದು ಕೂತಿದ್ದೇನೆ

ಕೊಡಗಿನ ಮಾದಾಪುರ, ಸುಂಟಿಕೊಪ್ಪ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು ಇದನ್ನು ಸ್ವಲ್ಪ ಓದಿ. ನಿಮ್ಮ ಮನೆಗೂ ಜನ ಬರಬಹುದು. ತೋಟದ ಒಂದು ಮೂಲೆಯನ್ನು ಕಾಡಿಗೆ ಬಿಡಿ, ನಾಡ ಮರ ಬೆಳೆಸಿ, ಹಕ್ಕಿ ಪ್ರಾಣಿ ವಾಪಸ್ ಬರಲಿ, ವರ್ಷ ವರ್ಷ ನಾವು ದುಡ್ಡು ಕೊಡುತ್ತೇವೆ ಅನ್ನುತ್ತಾರೆ. ನನ್ನ ಹತ್ತಿರ ಬಂದದ್ದು 2022ರ ಜನವರಿಯಲ್ಲಿ, ಕಾಫಿ ಕುಯ್ಲಿನ ಗಡಿಬಿಡಿಯ ನಡುವೆ. ಯಾರು ಅಂತ ಹೆಸರು ಹೇಳುವುದಿಲ್ಲ. ನಾನು ಬಿದ್ದ ಗುಂಡಿ ಎಂಥದ್ದು ಅಂತ ಮಾತ್ರ ಹೇಳುತ್ತೇನೆ.

ದುಡ್ಡಿನ ಆಸೆಗೆ ಒಪ್ಪಿದೆ ಅಂದರೆ ಪೂರ್ತಿ ನಿಜ ಆಗುವುದಿಲ್ಲ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಕೊಲ್ಲಿಯ, ಅಂದರೆ ಹಳ್ಳದ, ಮೇಲಿನ ಮಣ್ಣಿನ ದಿಬ್ಬ ಜಾರಿ ಅರ್ಧ ಎಕರೆ ಅರೇಬಿಕಾ ಕಾಫಿ ಮಣ್ಣುಪಾಲಾಗಿತ್ತು. ಆ ಇಳಿಜಾರಿನಲ್ಲಿ ಗಟ್ಟಿ ಬೇರಿನ ಮರ ಬೇಕು ಅಂತ ಅವತ್ತಿನಿಂದಲೂ ಮನಸ್ಸಿನಲ್ಲಿತ್ತು. ಬಂದ ಹುಡುಗ ಕೋಸ್ಟಾರಿಕಾ ದೇಶದ ಕಥೆ ಹೇಳಿದ. ಅಲ್ಲಿ 1997ರಿಂದ ಕಾಡು ಉಳಿಸಿದ ರೈತರಿಗೆ ಸರ್ಕಾರವೇ ಹಣ ಕೊಡುತ್ತಿದೆಯಂತೆ. ಆಮೇಲೆ ಓದಿ ನೋಡಿದೆ, ಅದು ಸತ್ಯವೇ. ಆದರೆ ಅಲ್ಲಿ ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆಯ ಒಂದು ಪಾಲು ಇದಕ್ಕೆ ಬರುತ್ತದೆ, ಈಗಾಗಲೇ ನಿಂತಿರುವ ಕಾಡಿಗೂ ಹಣ ಸಿಗುತ್ತದೆ. ನನ್ನ ಕರಾರಿನ ಹಣ ಬರಬೇಕಿದ್ದದ್ದು ಕಾರ್ಬನ್ ಕ್ರೆಡಿಟ್ ಮಾರಾಟದಿಂದ, ಅಂದರೆ ಗಿಡ ಹೀರಿಕೊಳ್ಳುವ ಇಂಗಾಲವನ್ನು ಲೆಕ್ಕ ಹಾಕಿ ಮಾರುವುದರಿಂದ. ಅದರಲ್ಲಿ ಲೆಕ್ಕ ಹೊಸ ಗಿಡಕ್ಕೆ ಮಾತ್ರ. ಅಜ್ಜ ಉಳಿಸಿದ ಅತ್ತಿ, ನಂದಿ, ಹೊನ್ನೆ ಮರಕ್ಕೆ ಸೊನ್ನೆ. ಹಳೆ ಮರ ಉಳಿಸಿಕೊಂಡವನಿಗೆ ಏನೂ ಇಲ್ಲ, ಬೋಳು ಮಾಡಿದವನಿಗೆ ದುಡ್ಡು! ಆಗಲೇ ಎಚ್ಚರ ಆಗಬೇಕಿತ್ತು ನನಗೆ.

ಎರಡು ಎಕರೆ ಬಿಟ್ಟುಕೊಟ್ಟೆ. ಎಕರೆಗೆ ವರ್ಷಕ್ಕೆ 15,000 ರೂಪಾಯಿ, ಐದು ವರ್ಷ. ಸಹಿ ಹಾಕಿದ ವಾರವೇ ಮೊದಲ ಕಂತು 30,000 ಬಂತು. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್ ಹೊರಗಿನ ಮರ, ಆಸ್ಟ್ರೇಲಿಯಾದ್ದು, ಅದನ್ನು ತೆಗೆದರೇನೇ ಜಾಗ ಲೆಕ್ಕಕ್ಕೆ ಬರುತ್ತದೆ ಅಂದರು. ಮಾರ್ಚ್‌ನಲ್ಲಿ ಎಪ್ಪತ್ತು ಸಿಲ್ವರ್ ಒಟ್ಟಿಗೆ ಕಡಿಸಿದೆ. ಎಲ್ಲದರ ಮೇಲೂ ಕರಿಮೆಣಸಿನ ಬಳ್ಳಿ ಇತ್ತು. ಮರದ ವ್ಯಾಪಾರಿ ಕೊಟ್ಟದ್ದು ಒಂದು ಸಲದ ದುಡ್ಡು, ಮೆಣಸು ಪ್ರತಿ ವರ್ಷ ಬರುತ್ತಿತ್ತು. ಅಮ್ಮ ಅವತ್ತು ಊಟ ಮಾಡಲಿಲ್ಲ.

ಜೂನ್‌ಗೆ ಬರಬೇಕಿದ್ದ ಸಸಿ ಬಂದದ್ದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ. ಒಳ್ಳೆ ಮಳೆಯೆಲ್ಲ ಮುಗಿದಿತ್ತು. ತೆಗೆದಿಟ್ಟ ಗುಂಡಿಗಳು ಅರ್ಧ ಮುಚ್ಚಿಹೋಗಿದ್ದವು. ನೇರಳೆ, ಮತ್ತಿ, ಹಲಸು, ಧೂಪ, ಎಲ್ಲ ಸೇರಿ ನಾನೂರು, ಒಂದೊಂದಕ್ಕೂ ನಂಬರ್ ಇರುವ ಪ್ಲಾಸ್ಟಿಕ್ ಚೀಟಿ. ನೀರು ಹಾಯಿಸುವ ಖರ್ಚು ನಮ್ಮದು, ಲಂಟಾನ ಕಳೆ ಕಡಿಸುವ ಕೂಲಿ ನಮ್ಮದು. ಜನವರಿಯಲ್ಲಿ ಆನೆ ಒಂದು ರಾತ್ರಿ ಬಂದು ಹೋಯಿತು. ಆನೆ ತುಳಿದದ್ದಕ್ಕೆ ವಿನಾಯಿತಿ ಕರಾರಿನಲ್ಲಿ ಇರಲಿಲ್ಲ. ಕೊಡಗಿನಲ್ಲಿ ಗಿಡ ನೆಡಿಸುವವರು ಆನೆಯನ್ನೇ ಮರೆತರು ಅಂದರೆ ಏನು ಹೇಳೋಣ.

2023ರ ಮಾರ್ಚ್‌ನಲ್ಲಿ ಲೆಕ್ಕಕ್ಕೆ ಬಂದರು. ಬದುಕಿದ್ದವು 168. ನೂರಕ್ಕೆ ಎಂಬತ್ತು ಬದುಕದಿದ್ದರೆ ಮುಂದಿನ ಕಂತು ಇಲ್ಲ ಅಂತ ಕರಾರಿನ ಹನ್ನೊಂದನೇ ಪುಟದಲ್ಲಿತ್ತು. ಇಂಗ್ಲಿಷ್‌ನಲ್ಲಿ. ನಾನು ಓದಿರಲಿಲ್ಲ, ತಪ್ಪು ನನ್ನದೇ. ಆದರೆ ಅಲ್ಲೇ ಪಕ್ಕದಲ್ಲಿ ಹಕ್ಕಿ ಬೀಜ ಹಾಕಿ ತಾನಾಗಿ ಎದ್ದ ಸಸಿಗಳು ನೂರಕ್ಕೂ ಜಾಸ್ತಿ ಇದ್ದವು. ಸೊಂಟದೆತ್ತರ, ನೆಟ್ಟದ್ದಕ್ಕಿಂತ ಗಟ್ಟಿ. ಇವನ್ನೂ ಎಣಿಸಿ ಅಂದೆ. ಚೀಟಿ ಇಲ್ಲದ ಗಿಡ ಲೆಕ್ಕಕ್ಕಿಲ್ಲ ಅಂದರು. ಕಾಡು ಬರಲಿ ಅಂದವರಿಗೆ, ಬಂದ ಕಾಡು ಬೇಡ!

ದೊಡ್ಡ ಪೆಟ್ಟು ಆಮೇಲೆ ಬಿತ್ತು. ಸಿಲ್ವರ್ ಹೋದ ಮೇಲೆ ಪಕ್ಕದ ಅರೇಬಿಕಾ ಬ್ಲಾಕಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳತೊಡಗಿತು. ನೆರಳು ತೆಳುವಾದ ಕಡೆ ಕಾಫಿ ಕಾಂಡ ಕೊರೆಯುವ ಹುಳು, ಬಿಳಿ ಕಾಂಡಕೊರಕ, ಬರುತ್ತದೆ ಅಂತ ನಮಗೆಲ್ಲ ಗೊತ್ತಿರುವುದೇ. ಅದರ ದುಂಬಿ ಬಿಸಿಲು ಬಿದ್ದ ಕಾಂಡ ಹುಡುಕಿ ಮೊಟ್ಟೆ ಇಡುತ್ತದೆ. ಎರಡು ವರ್ಷದಲ್ಲಿ ಮುನ್ನೂರು ಕಾಫಿ ಗಿಡ ಕಿತ್ತು ಸುಟ್ಟೆ. ಇಪ್ಪತ್ತು ವರ್ಷದ ಗಿಡಗಳು. ಸಿಲ್ವರ್ ತೆಗೆಯಲೇಬೇಕಿದ್ದರೆ ಮೊದಲು ನಾಡ ಗಿಡ ನೆಟ್ಟು, ಅದು ಎದ್ದು ನಿಂತ ಮೇಲೆ ಸಾಲು ಬಿಟ್ಟು ಸಾಲು ತೆಗೆಯಬೇಕಿತ್ತು. ಕಂತಿನ ಆತುರಕ್ಕೆ ಉಲ್ಟಾ ಮಾಡಿದೆ.

ಇನ್ನೊಂದು ವಿಷಯ ಗೊತ್ತಾದದ್ದು ವಕೀಲರ ಹತ್ತಿರ ಹೋದಾಗ. ದುಡ್ಡು ಐದು ವರ್ಷ, ಕರಾರು ಮೂವತ್ತು ವರ್ಷ! ಅಷ್ಟು ವರ್ಷ ಆ ಜಾಗದ ಮರಗಳ ಕಾರ್ಬನ್ ಹಕ್ಕು ಅವರದು. ತಕರಾರು ಬಂದರೆ ದೆಹಲಿಗೆ ಹೋಗಬೇಕು. ಅದಕ್ಕಿಂತ ಮುಖ್ಯ, ಆ ಎರಡು ಎಕರೆ ನಮ್ಮ ಬಾಣೆ, ಅಂದರೆ ಗದ್ದೆಯ ಜೊತೆ ಹಿಂದಿನಿಂದ ಬಂದ ಕಾಡು ಜಾಗ. ಅದು ರಿಡೀಮ್ ಆಗಿಲ್ಲ, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸಿಕೊಂಡಿಲ್ಲ. ರಿಡೀಮ್ ಆಗದ ಬಾಣೆಯಲ್ಲಿ ನಾಡ ಮರದ ಹಕ್ಕು ಸರ್ಕಾರದ್ದು, ಇದು ಕೊಡಗಿನವರಿಗೆ ಹೊಸದಲ್ಲ. ನನ್ನದಲ್ಲದ ಮರದ ಹಕ್ಕನ್ನು ನಾನು ಹೇಗೆ ಬರೆದುಕೊಟ್ಟೆ? ಮೇಲಾಗಿ ಪಹಣಿಯಲ್ಲಿ ಚಿಕ್ಕಪ್ಪಂದಿರ ಹೆಸರೂ ಇದೆ, ಅವರು ಯಾರೂ ಸಹಿ ಹಾಕಿಲ್ಲ. ಮನೆಯಲ್ಲಿ ಆದ ಜಗಳ ಇಲ್ಲಿ ಬೇಡ.

ಯಾರಾದರೂ ಬಂದರೆ ಮೊದಲು ಪಹಣಿ ತೆಗೆದು ನೋಡಿ. ರಿಡೀಮ್ ಆಗಿದೆಯಾ, ಎಷ್ಟು ಹೆಸರು ಇದೆ. ಕರಾರನ್ನು ಕನ್ನಡದಲ್ಲಿ ಕೇಳಿ, ಹತ್ತು ದಿನ ಇಟ್ಟುಕೊಂಡು ಓದಿ. ಸಸಿ ಜೂನ್‌ನಲ್ಲಿ ಬಾರದಿದ್ದರೆ ಹೊಣೆ ಯಾರದ್ದು, ಆನೆ ತುಳಿದರೆ ಏನು, ತಾನಾಗಿ ಹುಟ್ಟಿದ ಗಿಡ ಲೆಕ್ಕಕ್ಕೆ ಬರುತ್ತದಾ, ಇಷ್ಟನ್ನು ಬರೆದು ಕೊಡಲಿ. ಸುಮ್ನೆ ನಾಲ್ಕು ನಾಡ ಮರ ಬೆಳೆಸಬೇಕು ಅಂತಿದ್ದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತದೆ, ಮೂರು ವರ್ಷದವರೆಗೆ ಪ್ರತಿ ವರ್ಷ ಬದುಕಿರುವ ಗಿಡಗಳನ್ನು ಎಣಿಸಿ ಪ್ರೋತ್ಸಾಹಧನ ಕೊಡುತ್ತಾರೆ. ದೊಡ್ಡ ಮೊತ್ತ ಏನಲ್ಲ. ಆದರೆ ಅದಕ್ಕಾಗಿ ಸಿಲ್ವರ್ ಕಡಿಯಿರಿ ಅಂತ ಯಾರೂ ಹೇಳುವುದಿಲ್ಲ, ಅಲ್ವಾ.

ಹೋದ ವಾರ ಬೇರೆ ಇಬ್ಬರು ಬಂದಿದ್ದರು. ಕಾಫಿ ಕೊಟ್ಟೆ. ಕೊಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ತಾನಾಗಿ ಎದ್ದ ಸಸಿಗಳನ್ನು ತೋರಿಸಿದೆ, ಈಗ ನನಗಿಂತ ಎತ್ತರ ಇವೆ. ಚೆನ್ನಾಗಿದೆ ಅಂದರು. ಕರಾರು ಬಿಟ್ಟು ಹೋಗಿ, ಓದಿ ಹೇಳುತ್ತೇನೆ ಅಂದೆ. ಮೇಲ್ ಮಾಡುತ್ತೇವೆ ಅಂದು ಹೋದರು. ಇನ್ನೂ ಬಂದಿಲ್ಲ.