‘ಉಚಿತ ಆರೋಗ್ಯ ಶಿಬಿರ’ ಅಂತ ಹೋಗಿ ವೈಬ್ರೇಶನ್ ಮೆಷಿನ್ ಹೊತ್ತುಕೊಂಡು ಬರಬೇಡಿ

ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರದ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮನೆಯಲ್ಲಿ ವಯಸ್ಸಾದವರು ಇದ್ದರಂತೂ ಓದಲೇಬೇಕು.

ಬೆಳಗ್ಗೆ ಪೇಪರ್ ಒಳಗೆ ಹಳದಿ ಪಾಂಪ್ಲೆಟ್ ಬರುತ್ತದೆ. ‘ಉಚಿತ ಆರೋಗ್ಯ ಶಿಬಿರ, ಬಿಪಿ ಶುಗರ್ ತಪಾಸಣೆ ಫ್ರೀ, ಬಂದವರಿಗೆಲ್ಲ ಗಿಫ್ಟ್’. ಜಾಗ ಒಂದು ಕಲ್ಯಾಣ ಮಂಟಪ. ಬಿಪಿ ನೋಡುವುದು ಎರಡು ನಿಮಿಷ. ಆಮೇಲೆ ಬಾಗಿಲು ಹಾಕಿಕೊಂಡವರ ಥರ ಕೂರಿಸಿಕೊಂಡು ಮೆಷಿನ್ ಮಾರುತ್ತಾರೆ. ಪ್ಲೇಟಿನ ಮೇಲೆ ನಿಂತರೆ ಮೈಯೆಲ್ಲ ಗಡಗಡ ನಡುಗಿಸುತ್ತದಲ್ಲ, ಆ ವೈಬ್ರೇಶನ್ ಮೆಷಿನ್. ಗಿಫ್ಟ್ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬಿ. ಆ ಡಬ್ಬಿ ನನಗೆ 18,500 ರೂಪಾಯಿಗೆ ಬಿತ್ತು.

ಮಾರಿದವರ ಹೆಸರು ಬರೆಯುತ್ತಿಲ್ಲ. ಕಂಪ್ಲೇಂಟ್ ಹಾಕಿದ್ದೇನೆ, ಅದು ಮುಗಿಯುವ ತನಕ ಬೇಡ ಅಂತ ಮನೆಯವರು ಹೇಳಿದ್ದಾರೆ. ಹೆಸರು ಗೊತ್ತಾಗಿಯೂ ಉಪಯೋಗ ಇಲ್ಲ ಬಿಡಿ. ಬಿಲ್ಲಿನ ಮೇಲೆ ಒಂದು ಹೆಸರು, ಬ್ಯಾನರ್ ಮೇಲೆ ಇನ್ನೊಂದು, ಫೋನ್‌ಪೇ ಮಾಡಿದಾಗ ಬಂದಿದ್ದು ಮೂರನೆಯದು.

ಹೋದ ಮಳೆಗಾಲದಲ್ಲಿ ಊರಿನ ಮನೆಯ ಅಂಗಳದಲ್ಲಿ ನಮ್ಮ ಅತ್ತೆ ಪಾಚಿ ಮೇಲೆ ಜಾರಿ ಬಿದ್ದರು. ಮಲೆನಾಡಿನಲ್ಲಿ ಯಾರ ಮನೆಯಲ್ಲಿ ಬಿದ್ದಿಲ್ಲ ಹೇಳಿ. ತೊಡೆ ಮೂಳೆ ಮುರಿದು ಒಳಗೆ ರಾಡ್ ಹಾಕಿದ್ದಾರೆ. ದಿನಾ ನಡೆಸಿ, ಕೂತುಬಿಟ್ಟರೆ ಕಾಲು ಕೈಕೊಡುತ್ತದೆ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ವಿನೋಬನಗರದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಆದರೆ ಈ ಮಳೆಯಲ್ಲಿ ಎಲ್ಲಿ ನಡೆಸುವುದು? ಪಾರ್ಕಿಗೆ ಹೋದರೆ ಅತ್ತೆ ಛತ್ರಿ ಹಿಡಿಯಬೇಕಾ, ಕೋಲು ಹಿಡಿಯಬೇಕಾ? ಮನೆ ಒಳಗೇ ಏನಾದರೂ ವ್ಯಾಯಾಮ ಸಿಕ್ಕಿದರೆ ಸಾಕು ಅನ್ನುವ ಹೊತ್ತಿಗೆ ಸರಿಯಾಗಿ ಆ ಪಾಂಪ್ಲೆಟ್ ಬಂತು.

ಮೈಕ್ ಹಿಡಿದಿದ್ದವನು ಟೈ ಕಟ್ಟಿಕೊಂಡಿದ್ದ. ಮಾತು ಅಂದರೆ ಮಾತು. ಹತ್ತು ನಿಮಿಷ ನಿಂತರೆ ಒಂದು ಗಂಟೆ ವಾಕಿಂಗ್ ಮಾಡಿದ ಹಾಗೆ. ಮಂಡಿನೋವು ಹೋಗುತ್ತದೆ, ಶುಗರ್ ಇಳಿಯುತ್ತದೆ, ಹೊಟ್ಟೆ ಕರಗುತ್ತದೆ, ಮೂಳೆ ಗಟ್ಟಿಯಾಗುತ್ತದೆ. ನಾಸಾದವರು ಗಗನಯಾತ್ರಿಗಳಿಗೆ ಕೊಡೋ ಟೆಕ್ನಾಲಜಿ. (ನಮ್ಮ ಅತ್ತೆ ಎಲ್ಲಿಗೆ ಹಾರಬೇಕಿತ್ತೋ.) ನನ್ನನ್ನೂ ಮೇಲೆ ಹತ್ತಿಸಿದ. ಎರಡು ನಿಮಿಷಕ್ಕೆ ಮೀನಖಂಡದಲ್ಲಿ ವಿಪರೀತ ತುರಿಕೆ ಶುರುವಾಯಿತು. ಕೇಳಿದ್ದಕ್ಕೆ, “ಅದೇ ಅಕ್ಕ, ಕೊಬ್ಬು ಕರಗ್ತಾ ಇರೋದು!” ಅಂದ. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೊಬ್ಬೂ ಇಲ್ಲ, ಮಣ್ಣೂ ಇಲ್ಲ. ನಡುಕಕ್ಕೆ ಚರ್ಮದಲ್ಲಿ ರಕ್ತದ ಓಡಾಟ ಜಾಸ್ತಿಯಾಗಿ ಕಾಲು ತುರಿಸುವುದು, ಕೆಂಪಗಾಗುವುದು ಈ ಮೆಷಿನ್‌ನಲ್ಲಿ ಮಾಮೂಲಿಯಂತೆ. ಡಾಕ್ಟರು ಆಮೇಲೆ ಹೇಳಿದರು.

ಈಗ ಮುಖ್ಯವಾದ ಮಾತು. ನಾನು ಕೇಳಿದೆ. ಎಲ್ಲರ ಎದುರಿಗೇ ಕೇಳಿದೆ. “ನಮ್ಮ ಅತ್ತೆ ತೊಡೇಲಿ ರಾಡ್ ಇದೆ, ಆಪರೇಷನ್ ಆಗಿ ಇನ್ನೂ ವರ್ಷ ತುಂಬಿಲ್ಲ. ಅವರು ನಿಲ್ಲಬಹುದಾ?”

“ಅಯ್ಯೋ ಅಕ್ಕ, ರಾಡ್ ಇರೋರಿಗೇ ಅಂತ ಮಾಡಿರೋದು ಇದು. ರಾಡ್ ಸುತ್ತ ರಕ್ತ ಓಡಾಡಬೇಕಲ್ವಾ? ನಮ್ಮ ತಾಯೀನೂ ಇದೇ ಬಳಸೋದು.”

ಈ ಉತ್ತರ ನೆನಪಿಟ್ಟುಕೊಳ್ಳಿ.

ಎಂಆರ್‌ಪಿ 45,000 ಅಂತೆ, ಶಿಬಿರಕ್ಕೆ ಬಂದವರಿಗೆ 18,500, ಅದೂ ಇವತ್ತು ಒಂದೇ ದಿನ. ಚೀಟಿ ದುಡ್ಡು ಬಂದಿತ್ತು, ಕೊಟ್ಟೆ. ನನ್ನ ಅಣ್ಣನ ಮಗ ಅದೇ ಮೆಷಿನ್, ಅದೇ ಬಣ್ಣ, ಅದೇ ರಿಮೋಟ್ ಫೋನಿನಲ್ಲಿ ಅರ್ಧ ಬೆಲೆಗೆ ತೋರಿಸಿದ. ಅದು ಬೇರೆ ಸಂಕಟ, ಬಿಡಿ.

ಮನೆಗೆ ತಂದೆವು. ಕಪ್ಪು ಪ್ಲಾಸ್ಟಿಕ್ ಪ್ಲೇಟು, ಅಡಿಯಲ್ಲಿ ರಬ್ಬರ್ ಕಾಲು, ಎರಡು ಎಳೆಯುವ ಹಗ್ಗ, ಹಾಡು ಹಾಕಲು ಬ್ಲೂಟೂತ್ ಸ್ಪೀಕರ್ ಬೇರೆ. ಕೆಂಪು ಅಂಕಿಯಲ್ಲಿ ಸ್ಪೀಡ್ 1ರಿಂದ 99ರ ತನಕ. ಅತ್ತೆಯನ್ನು ಕಿಟಕಿ ಸರಳು ಹಿಡಿಸಿ ನಿಲ್ಲಿಸಿ ಕಡಿಮೆ ಸ್ಪೀಡಿನಲ್ಲೇ ಶುರು ಮಾಡಿದೆವು. ಪಕ್ಕದ ಸ್ಟ್ಯಾಂಡಿನಲ್ಲಿ ಲೋಟ ತಟ್ಟೆ ಎಲ್ಲ ಗಲಗಲ ಅನ್ನುತ್ತಿದ್ದವು. “ಎಂತದ್ದೇ ಇದು ಮಾರಾಯ್ತಿ, ಮಿಕ್ಸಿ ಒಳಗೆ ನಿಂತ ಹಾಗಾಗ್ತದೆ” ಅಂದರು ಅತ್ತೆ. ಒಂದು ವಾರ ಕಳೆಯುವ ಮೊದಲೇ ತಲೆ ಸುತ್ತು, ಕಣ್ಣು ಮಂಜು. ಆಮೇಲೆ ರಾಡ್ ಇರುವ ಕಡೆಯೇ ಸೆಳೆತ. ರಾತ್ರಿ ನಿದ್ದೆ ಇಲ್ಲ.

ಫೋನ್ ಮಾಡಿದೆ. “ಅದು ಒಳ್ಳೇ ಲಕ್ಷಣ ಅಕ್ಕ, ಮೈಯಲ್ಲಿರೋ ವಿಷ ಎಲ್ಲ ಹೊರಗೆ ಬರ್ತಾ ಇದೆ. ನಿಲ್ಲಿಸಬೇಡಿ. ಸ್ಪೀಡ್ ಇನ್ನೂ ಹತ್ತು ಜಾಸ್ತಿ ಮಾಡಿ.”

ಜಾಸ್ತಿ ಮಾಡಿ! ನೋವು ಅಂದವರಿಗೆ ಜಾಸ್ತಿ ಮಾಡಿ ಅನ್ನುತ್ತಾನೆ.

ಅವತ್ತು ರಾತ್ರಿ ಬಾಕ್ಸಿನ ತಳದಿಂದ ಪುಸ್ತಕ ತೆಗೆದೆ. ಥರ್ಮಕೋಲ್ ಅಡಿಯಲ್ಲಿ, ಅಂಟು ಹಾಕಿದ ಕವರಿನೊಳಗೆ ಇತ್ತು. ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಕೊನೆಯ ಪುಟಕ್ಕಿಂತ ಒಂದು ಪುಟ ಹಿಂದೆ, ಯಾರು ಬಳಸಬಾರದು ಅಂತ ಪಟ್ಟಿ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಮೂರ್ಛೆರೋಗದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಕಿಡ್ನಿಯಲ್ಲೋ ಪಿತ್ತಕೋಶದಲ್ಲೋ ಕಲ್ಲು ಇರುವವರು, ಬೆನ್ನಿನ ಡಿಸ್ಕ್ ತೊಂದರೆ ಇರುವವರು, ಕಣ್ಣಿನ ರೆಟಿನಾ ತೊಂದರೆ ಇರುವವರು. ಅದರ ಕೆಳಗೆ: ಇತ್ತೀಚೆಗೆ ಆಪರೇಷನ್ ಆದವರು, ಮೈಯೊಳಗೆ ರಾಡ್, ಪ್ಲೇಟ್, ಸ್ಕ್ರೂ ಹಾಕಿಸಿಕೊಂಡವರು.

ಆ ಸಾಲನ್ನು ಎಷ್ಟು ಸಲ ಓದಿದೆನೋ. ಇದು ಅವರದೇ ಪುಸ್ತಕ. ಅವರೇ ಪ್ಯಾಕ್ ಮಾಡಿ ಕೊಟ್ಟಿದ್ದು. ರಾಡ್ ಇದೆ ಅಂತ ಬಾಯಿಬಿಟ್ಟು ಹೇಳಿ ಕೇಳಿದವಳಿಗೆ, ರಾಡ್ ಇರೋರಿಗೇ ಮಾಡಿರೋದು ಅಂತ ಮೈಕಲ್ಲಿ ಹೇಳಿದ. ಮೈ ಉರಿಯಿತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ.

ಮರುದಿನ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಓಡಿದೆವು. ಎಕ್ಸ್‌ರೇ ತೆಗೆಸಿದರು. ರಾಡ್ ಕದಲಿಲ್ಲ, ದೇವರು ದೊಡ್ಡವನು. ಆದರೆ ಮೆಷಿನ್ ಫೋಟೋ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ಹರ್ಟ್ಝ್?” ಅಂತ. ಗೊತ್ತಿಲ್ಲ ಅಂದೆ. ಅಲ್ಲಿಂದಲೇ ಮಾರಿದವನಿಗೆ ಫೋನ್ ಹಚ್ಚಿದೆ. “99 ಮೇಡಂ” ಅಂದ. ಡಾಕ್ಟರು ನಕ್ಕುಬಿಟ್ಟರು. 99 ಅನ್ನುವುದು ರಿಮೋಟಿನ ಅಂಕಿ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವುದು ಹರ್ಟ್ಝ್. ಎರಡೂ ಒಂದೇ ಅಲ್ಲ. ಹರ್ಟ್ಝ್ ಎಷ್ಟು ಅಂತ ಬಾಕ್ಸಿನ ಮೇಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. ಪ್ಲೇಟು ಎಷ್ಟು ಮಿಲಿಮೀಟರ್ ಆಡುತ್ತದೆ ಅನ್ನುವುದೂ ಇಲ್ಲ.

ಅದು ಯಾಕೆ ಮುಖ್ಯ ಅಂತ ಅಣ್ಣನ ಮಗ ಲೆಕ್ಕ ಹಾಕಿ ತೋರಿಸಿದ, ಇಂಜಿನಿಯರಿಂಗ್ ಓದುತ್ತಾನೆ. ಪ್ಲೇಟು ಸೆಕೆಂಡಿಗೆ 30 ಸಲ, ಮೇಲಕ್ಕೆ 2 ಮಿಲಿಮೀಟರ್, ಕೆಳಕ್ಕೆ 2 ಮಿಲಿಮೀಟರ್ ಆಡಿದರೆ ಅದರ ವೇಗದ ಏರಿಳಿತ ಗುರುತ್ವದ ಸುಮಾರು 7 ಪಟ್ಟು ಮುಟ್ಟುತ್ತದೆ. ಆಟ ಅಷ್ಟೇ ಇದ್ದು ಸೆಕೆಂಡಿಗೆ 60 ಸಲ ಆದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಹೆಚ್ಚು. ‘ಸ್ಪೀಡ್ ಇನ್ನೂ ಹತ್ತು ಜಾಸ್ತಿ ಮಾಡಿ’ ಅಂದನಲ್ಲ, ಅವನಿಗೆ ಇದು ಗೊತ್ತಿತ್ತಾ? ಗೊತ್ತಿದ್ದು ಹೇಳಿದನಾ? ಯಾವುದು ಹೆಚ್ಚು ಕೆಟ್ಟದ್ದು, ನೀವೇ ಹೇಳಿ.

ನಿಲ್ಲುವ ರೀತಿಯನ್ನೂ ಅವನು ತಪ್ಪಾಗೇ ತೋರಿಸಿದ್ದ. ಸೈನಿಕರ ಥರ ನೆಟ್ಟಗೆ ನಿಲ್ಲಿ ಅಂದಿದ್ದ. ಮಂಡಿ ನೆಟ್ಟಗಿಟ್ಟರೆ ನಡುಕ ಸೀದಾ ಸೊಂಟ, ಬೆನ್ನು ದಾಟಿ ತಲೆಗೆ ಹೋಗುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿ ನಿಂತರೆ ತೊಡೆಯ ಸ್ನಾಯುಗಳು ಅದನ್ನು ತಡೆದುಕೊಳ್ಳುತ್ತವೆ. ಅತ್ತೆಗೆ ಕಣ್ಣು ಮಂಜಾಗಿದ್ದು ಯಾಕೆ ಅಂತ ಆಗ ಅರ್ಥವಾಯಿತು. ಟ್ರ್ಯಾಕ್ಟರ್, ಲಾರಿ ಓಡಿಸುವವರಿಗೆ ದಿನವಿಡೀ ನಡುಗಿ ನಡುಗಿ ಬೆನ್ನು ಹಾಳಾಗುತ್ತದೆ ಅಂತ ಯುರೋಪಿನಲ್ಲಿ 2002ರಲ್ಲೇ ಕಾನೂನು ಮಾಡಿ ನಡುಕಕ್ಕೆ ಮಿತಿ ಹಾಕಿದ್ದಾರೆ. ಇಲ್ಲಿ ನಡುಕ ಅಂದರೆ ಔಷಧಿ!

ಡಾಕ್ಟರು ಮೆಷಿನ್ ಪೂರ್ತಿ ಬೋಗಸ್ ಅನ್ನಲಿಲ್ಲ, ಅದನ್ನೂ ಹೇಳಬೇಕು. ಕೆಲವು ವಯಸ್ಸಾದವರಿಗೆ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಮಾಡಿಸಿದರೆ ಕಾಲಿನ ಶಕ್ತಿ, ಬ್ಯಾಲೆನ್ಸ್ ಸ್ವಲ್ಪ ಸುಧಾರಿಸಿದ್ದು ಇದೆಯಂತೆ. ಆದರೆ ಸುಮ್ನೆ ನಿಂತರೆ ಅಲ್ಲ. ಮೂಳೆ ಗಟ್ಟಿಯಾಗುವ ಮಾತಿಗೆ ಅವರು ಕೆನಡಾದ ಒಂದು ಅಧ್ಯಯನ ಹೇಳಿದರು, 2011ರಲ್ಲಿ ಬಂದಿದ್ದು. ಮುಟ್ಟು ನಿಂತ 202 ಹೆಂಗಸರನ್ನು ಆರಿಸಿ, ಅವರಲ್ಲಿ ಕೆಲವರನ್ನು ಒಂದು ವರ್ಷ, ದಿನಕ್ಕೆ 20 ನಿಮಿಷ ಮೆಲ್ಲಗೆ ನಡುಗುವ ಪ್ಲೇಟಿನ ಮೇಲೆ ನಿಲ್ಲಿಸಿದರು. ನಿಲ್ಲದವರಿಗೂ ನಿಂತವರಿಗೂ ಮೂಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಒಂದು ಗಂಟೆ ವಾಕಿಂಗ್ ಅನ್ನುವುದು ಶುದ್ಧ ಸುಳ್ಳು. ಅದರ ಮೇಲೆ ಬಸ್ಕಿ ಹೊಡೆದರೂ ಖರ್ಚಾಗುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ನಡಿಗೆಯಷ್ಟು.

ವಾಪಸ್ ತಗೊಳ್ಳಿ ಅಂದೆ. ಈಗ ನೋಡಿ ಉತ್ತರಗಳನ್ನು.

“ಬಾಕ್ಸ್ ಓಪನ್ ಮಾಡಿದ್ದೀರಲ್ಲ ಮೇಡಂ.” ಓಪನ್ ಮಾಡದೆ ಬಾಕ್ಸಿನ ಮೇಲೆ ನಿಲ್ಲಬೇಕಿತ್ತಾ?

“ನಿಮ್ಮ ಮಲೆನಾಡಲ್ಲಿ ವೋಲ್ಟೇಜ್ ಸರಿ ಇರಲ್ಲ ಮೇಡಂ. ಸ್ಟೆಬಿಲೈಸರ್ ಇಲ್ದೆ ಹಾಕಿದ್ದೀರಿ, ವಾರಂಟಿ ಹೋಯ್ತು.” ಮೆಷಿನ್ ಕೆಟ್ಟಿದೆ ಅಂತ ನಾನು ಹೇಳೇ ಇಲ್ಲ. ಮಾರುವಾಗ ಇದೇ ಮಲೆನಾಡಲ್ಲವಾ?

ಬಿಲ್ಲಿನ ಕೆಳಗೆ ‘ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಅಂತ ಸೀಲ್ ಇದೆ, ನೋಡಿ ಅಂದ. ಪುಸ್ತಕದ ಆ ಪುಟದ ಫೋಟೋ ತೆಗೆದು ಕಳಿಸಿದೆ, ರಾಡ್ ಅನ್ನುವ ಸಾಲಿಗೆ ಕೆಂಪು ಗೆರೆ ಎಳೆದು. ಬಹಳ ಹೊತ್ತು ಉತ್ತರ ಇಲ್ಲ. ಆಮೇಲೆ ಬಂತು: “ಅದರಲ್ಲೇ ಬರೆದಿದೆಯಲ್ಲ ಮೇಡಂ. ಓದಿ ಬಳಸಬೇಕಿತ್ತು.” ಕೊನೆಗೆ ಒಂದು ಕೈ ಮುಗಿದ ಚಿತ್ರ.

ಓದಿ ಬಳಸಬೇಕಿತ್ತಂತೆ! ಮೈಕಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಥರ್ಮಕೋಲ್ ಅಡಿಯಲ್ಲಿ ಬಚ್ಚಿಟ್ಟಿದ್ದು ಲೆಕ್ಕಕ್ಕಿದೆ. ನಿಮ್ಮ ತಾಯಿಗೂ ಓದಿಸಿಯೇ ನಿಲ್ಲಿಸ್ತೀರಾ ಅಂತ ಕೇಳಿದೆ. ಬ್ಲಾಕ್ ಮಾಡಿದ.

ಇಷ್ಟು ಓದಿದ ಹೆಂಗಸು, ಇಂಥವರ ಮಾತು ಕೇಳಿದೆಯಲ್ಲ ಅಂತ ನಾದಿನಿ ಎಲ್ಲರ ಎದುರಿಗೆ ಅಂದಳು. ಅತ್ತೆ ಮಾತ್ರ ಒಂದು ಮಾತೂ ಆಡಿಲ್ಲ. ಅದೇ ಇನ್ನೂ ಕಷ್ಟ.

ಹೋಗಲೇಬೇಕು, ಕೊಳ್ಳಲೇಬೇಕು ಅಂದರೆ ದುಡ್ಡು ಕೊಡುವ ಮೊದಲು ಬಾಕ್ಸ್ ಬಿಚ್ಚಿಸಿ, ಆ ಪಟ್ಟಿ ಇರುವ ಪುಟವನ್ನು ಅವರ ಬಾಯಲ್ಲೇ ಓದಿಸಿ. ಹರ್ಟ್ಝ್ ಎಷ್ಟು, ಮಿಲಿಮೀಟರ್ ಎಷ್ಟು ಅಂತ ಬಿಲ್ಲಿನ ಮೇಲೆ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ, ಡಬ್ಬಿಯೂ ಬೇಡ. ಆಪರೇಷನ್ ಆದವರನ್ನು ಅವರ ಡಾಕ್ಟರನ್ನು ಕೇಳದೆ ಹತ್ತಿಸಬೇಡಿ. ಅತ್ತೆ ಈಗ ಹಜಾರದಲ್ಲೇ ಗೋಡೆ ಹಿಡಿದು ಆ ಕಡೆ ಈ ಕಡೆ ನಡೆಯುತ್ತಾರೆ, ಕುರ್ಚಿಯಿಂದ ಎದ್ದು ಕೂತು ಮಾಡುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಿದ್ದು.

ಈಗಾಗಲೇ ಕೊಂಡು ಒದ್ದಾಡುತ್ತಿರುವವರು ಸುಮ್ಮನೆ ಕೂರಬೇಡಿ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆದುಕೊಳ್ಳುತ್ತಾರೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಪ್ರಕಾರ ನಾವು ಇರುವ ಊರಿನಲ್ಲೇ ದೂರು ಕೊಡಬಹುದು, ಅವನ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಫೀಸೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ದೋಷ ಇರುವ ಸರಕನ್ನು ವಾಪಸ್ ತಗೊಳ್ಳಲ್ಲ ಅನ್ನುವುದನ್ನು ಆ ಕಾಯ್ದೆ ಅನುಚಿತ ವ್ಯಾಪಾರ ಅಂತಲೇ ಹೇಳುತ್ತದೆ, ಆ ಸೀಲ್ ನೋಡಿ ಹೆದರಬೇಡಿ. ಬಿಲ್, ಪಾಂಪ್ಲೆಟ್, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ನನ್ನ ಹತ್ತಿರ ಎಲ್ಲ ಇದೆ, ಮೈಕಲ್ಲಿ ಹೇಳಿದ್ದೊಂದು ಇಲ್ಲ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಸಾಗರದಲ್ಲಿ ಮುಂದಿನ ಭಾನುವಾರ ಇಂಥದ್ದೇ ಶಿಬಿರ ಅಂತ ಹಳದಿ ಪಾಂಪ್ಲೆಟ್ ಬಂದಿದೆಯಂತೆ. ಆ ಕಡೆಯವರು ಯಾರಾದರೂ ಹೋದರೆ ಮುಂದಿನ ಸಾಲಿನಲ್ಲಿ ಕೂತು, ತೊಡೆಯಲ್ಲಿ ರಾಡ್ ಇರೋರು ನಿಲ್ಲಬಹುದಾ ಅಂತ ಕೇಳಿ. ಅವನು ಕೊಡುವ ಉತ್ತರವನ್ನು ವಿಡಿಯೋ ಮಾಡಿ ನನಗೆ ಕಳಿಸಿ. ಕೇಸಿಗೆ ಬೇಕು.