ಯೊಆನಿನಾ ಪೇಟೆಯೋ, ಪಪಿಂಗೊ ಹಳ್ಳಿಯೋ?

ಗ್ರೀಸ್‌ನ ವಾಯವ್ಯ ಮೂಲೆಯಲ್ಲಿರುವ ಎಪಿರಸ್‌ಗೆ ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಉಳಿದುಕೊಳ್ಳುವುದು ಎಲ್ಲಿ? ಯೊಆನಿನಾ ಪೇಟೆಯಲ್ಲಿ ರೂಮು ಹಿಡಿದು ದಿನಾ ಬೆಟ್ಟಕ್ಕೆ ಹೋಗಿ ಬರಬಹುದು. ಇಲ್ಲವೇ ಅದರ ಉತ್ತರದ ಬೆಟ್ಟಸೀಮೆ ಜಾಗೋರಿಯ 46 ಹಳ್ಳಿಗಳಲ್ಲಿ ಒಂದರಲ್ಲಿ ಇದ್ದುಬಿಡಬಹುದು. ನಾವಿಬ್ಬರೂ ಒಂದೇ ಪ್ರವಾಸದಲ್ಲಿ ಎರಡನ್ನೂ ಮಾಡಿ ನೋಡಿದೆವು. ನಾವು ಆರಿಸಿದ ಹಳ್ಳಿ ಪಪಿಂಗೊ.

ಯೊಆನಿನಾದ ದೊಡ್ಡ ಗುಣ ಅಂದರೆ ಕಾರಿಲ್ಲದೆಯೂ ದಿನ ಕಳೆಯುತ್ತದೆ. ಪಾಂವೊಟಿಸ್ ಸರೋವರದ ದಂಡೆ, ಅದಕ್ಕೆ ಅಂಟಿಕೊಂಡೇ ಕೋಟೆ. ಒಳಗೆ ಇವತ್ತಿಗೂ ಜನ ವಾಸವಿದ್ದಾರೆ. ಗಲ್ಲಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಎರಡು ತಿರುವು ದಾಟಿದರೆ ಅಸ್ಲಾನ್ ಪಾಷಾ ಮಸೀದಿ. ಈಗ ಅದು ಮ್ಯೂಸಿಯಂ. 1913ರವರೆಗೆ ಊರು ಆಟೊಮನ್ನರ ಕೈಯಲ್ಲಿತ್ತು. ದೋಣಿಯಲ್ಲಿ ಹತ್ತು ನಿಮಿಷ ಹೋದರೆ ದ್ವೀಪ. ಆಟೊಮನ್ನರ ಪರವಾಗಿ ಊರು ಆಳುತ್ತಲೇ ಸುಲ್ತಾನನಿಗೇ ಸೆಡ್ಡು ಹೊಡೆದಿದ್ದ ಅಲಿ ಪಾಷಾನನ್ನು 1822ರಲ್ಲಿ ಕೊಂದದ್ದು ಅಲ್ಲಿನ ಒಂದು ಮಠದಲ್ಲಿ. ಮಳೆ ಬಂದರೂ ಚಿಂತೆ ಇಲ್ಲ, ಪೆರಾಮಾ ಗುಹೆ ಪಕ್ಕದಲ್ಲೇ ಇದೆ. ಬೆಳ್ಳಿ ಕೆಲಸದ ಅಂಗಡಿಗಳಂತೂ ಜಾಸ್ತಿಯೇ ಆಯಿತು. ಆದರೆ ಸರೋವರ ನೋಡೋಕೆ ಮಾತ್ರ, ಈಜುವ ನೀರಲ್ಲ.

ಪೇಟೆಯಿಂದ ಬೆಟ್ಟ ನೋಡುವಾಗ ಒಂದು ತೊಂದರೆ ಇದೆ. ಪಪಿಂಗೊ ಸುಮಾರು 60 ಕಿಲೋಮೀಟರ್. ದೂರ ಕಮ್ಮಿ ಅನಿಸುತ್ತದೆ, ಆದರೆ ಅರಿಸ್ಟಿ ದಾಟಿ ವೊಯ್ಡೊಮಾಟಿಸ್ ನದಿಗಿಳಿದು ಮತ್ತೆ ಹತ್ತುವ ತಿರುವುಗಳಲ್ಲಿ ಹೊತ್ತು ಹೋಗುತ್ತದೆ. ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ. ಕತ್ತಲಲ್ಲಿ ಅದೇ ತಿರುವು ಇಳಿಯುವುದು ಬೇಡ ಅಂತ ಸಂಜೆ ಬೇಗ ಹೊರಟುಬಿಡುತ್ತೀರಿ. ಗ್ರೀಸ್‌ನಲ್ಲಿ ಗಾಡಿ ಬಲಗಡೆ ಓಡುತ್ತದೆ ಬೇರೆ. ನಮ್ಮ ಊರಿನ ಅಭ್ಯಾಸದವರಿಗೆ ಅದೊಂದು ಹೆಚ್ಚುವರಿ ತಲೆನೋವು, ಅಲ್ವಾ?

ಹಳ್ಳಿಯಲ್ಲಿದ್ದಾಗ ಸಿಕ್ಕಿದ್ದು ಬೆಳಗು, ಸಂಜೆ ಅನ್ನುವ ಆ ಎರಡು ತುದಿಯ ಹೊತ್ತು. ಮನೆಗಳೆಲ್ಲ ಕಲ್ಲು, ಮಾಡಿಗೂ ಚಪ್ಪಡಿ ಕಲ್ಲೇ. ಹಿಂದೆ ಅಸ್ಟ್ರಾಕಾದ ಬಂಡೆ ಗೋಡೆ ನೆಟ್ಟಗೆ ನಿಂತಿದೆ. ಸಂಜೆ ಅದು ಬೂದಿ ಬಣ್ಣದಿಂದ ಕಿತ್ತಳೆಗೆ ತಿರುಗುವುದನ್ನು ಜಗಲಿಯಲ್ಲೇ ಕೂತು ನೋಡಬಹುದು. ದೊಡ್ಡ ಪಪಿಂಗೊ, ಚಿಕ್ಕ ಪಪಿಂಗೊ ನಡುವೆ ಬಂಡೆ ಕೊರೆದು ಆದ ನೀರಿನ ಹೊಂಡಗಳಿವೆ. ಮೊಣಕಾಲು ಮುಳುಗಿಸಿದರೆ ಪಾದ ಜೋಮು ಹಿಡಿಯುತ್ತದೆ.

ನಿಜವಾದ ಫರಕು ತಿಳಿದದ್ದು ಡ್ರಾಕೊಲಿಮ್ನಿಗೆ ಹೊರಟ ದಿನ. ಸುಮಾರು 2050 ಮೀಟರ್ ಎತ್ತರದ ಸರೋವರ ಅದು. ಚಿಕ್ಕ ಪಪಿಂಗೊದಿಂದ ಅಸ್ಟ್ರಾಕಾದ ಚಾರಣಿಗರ ತಂಗುದಾಣದವರೆಗೆ ಸಾವಿರ ಮೀಟರ್ ಏರು. ಅಲ್ಲಿಂದ ಒಂದು ಕಣಿವೆಗಿಳಿದು ಮತ್ತೆ ಹತ್ತಬೇಕು. ಬೆಳಕು ಹರಿಯುವಾಗಲೇ ಹೊರಟಿದ್ದರಿಂದ ಏರಿನ ಬಹುಪಾಲು ನೆರಳಲ್ಲೇ ಮುಗಿಯಿತು. ಮೇಲೆ ದಂಡೆಯಲ್ಲಿ ಬಗ್ಗಿ ನೋಡಿದರೆ ಬೆರಳುದ್ದದ ನ್ಯೂಟ್‌ಗಳು, ಹಲ್ಲಿಯಂತೆ ಕಾಣುವ ಉಭಯಚರಗಳು. ಹೊಟ್ಟೆ ಮಾತ್ರ ಕೆಂಡದಂಥ ಕಿತ್ತಳೆ. ಪೇಟೆಯಿಂದ ಬಂದು ಒಂದೇ ದಿನದಲ್ಲಿ ಇದನ್ನು ಮಾಡಬಹುದು. ನಾನಂತೂ ಮಾಡೆನು.

ಊಟದಲ್ಲಿ ಸಸ್ಯಾಹಾರಿಗಳಿಗೆ ಪೇಟೆಯೇ ಸಲೀಸು, ಆಯ್ಕೆ ಜಾಸ್ತಿ. ದ್ವೀಪದ ಹೋಟೆಲುಗಳಲ್ಲಿ ಮಾತ್ರ ಹಾವುಮೀನು, ಕಪ್ಪೆಕಾಲಿನ ದರ್ಬಾರು. ಹಳ್ಳಿಯಲ್ಲಿ ಮೆನು ಚಿಕ್ಕದು, ಆದರೆ ಅಲೆವ್ರೊಪಿತಾ ಸಿಗುತ್ತದೆ. ಹಿಟ್ಟು, ಮೊಟ್ಟೆ, ಫೆಟಾ ಚೀಸು ಕಲಸಿ ತೆಳ್ಳಗೆ ಹರಡಿ ಬೇಯಿಸಿದ್ದು. ಅಂಚು ನಮ್ಮ ಕಾವಲಿ ದೋಸೆಯ ಹಾಗೆ ಗರಿಗರಿ. ಮೊಟ್ಟೆ ತಿನ್ನದವರು ಸೊಪ್ಪಿನ ಪೈ ಕೇಳಬಹುದು, ಅದರಲ್ಲೂ ಮೊಟ್ಟೆ ಇದೆಯಾ ಅಂತ ವಿಚಾರಿಸಿಕೊಳ್ಳಿ.

ವಿಕೋಸ್ ಕಮರಿಯನ್ನು ಮೇಲಿಂದ ನೋಡಿದರೆ ಸಾಕು ಅನ್ನುವವರಿಗೆ ಈ ಗುದ್ದಾಟವೇ ಬೇಡ. ಯೊಆನಿನಾದಿಂದ ಮೊನೊಡೆಂಡ್ರಿ ಹಳ್ಳಿ ಸುಮಾರು 40 ಕಿಲೋಮೀಟರ್. ಅಲ್ಲಿಂದ ಕಮರಿ ಕಾಣುವ ಓಕ್ಸಿಯಾ ತುದಿ, ವಾಪಸ್ ಬರುವಾಗ ಕಿಪಿಯ ಹತ್ತಿರ 1814ರ ಮೂರು ಕಮಾನಿನ ಕಲ್ಲು ಸೇತುವೆ, ಎಲ್ಲ ಒಂದೇ ದಿನಕ್ಕೆ ಆಗುತ್ತದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಾನೂ ಪೇಟೆಯಲ್ಲೇ ಇರುತ್ತಿದ್ದೆ. ಪಪಿಂಗೊದ ಕಲ್ಲುಹಾಸು ಮಂಡಿನೋವಿಗೆ ಆಗಿಬರುವುದಿಲ್ಲ.

ನಡೆಯುವ ಆಸೆ ಇದ್ದರೆ, ಕಾರೂ ಇದ್ದರೆ, ಹಳ್ಳಿಗೇ ಹೆಚ್ಚು ರಾತ್ರಿ ಕೊಡಿ. ಪೇಟೆಯನ್ನು ಕೊನೆಗಿಟ್ಟುಕೊಳ್ಳಿ, ಇಳಿದು ಬಂದ ಕಾಲಿಗೆ ಸರೋವರದ ದಂಡೆ ಸಮತಟ್ಟಾಗಿದೆ. ಬೆಟ್ಟಕ್ಕೆ ಹೋಗುವ ಬಸ್ಸುಗಳು ತೀರಾ ಕಮ್ಮಿ, ಅವನ್ನು ನಂಬಿ ಪಪಿಂಗೊದಲ್ಲಿ ರೂಮು ಹಿಡಿಯಬೇಡಿ. ಪೆಟ್ರೋಲು ಯೊಆನಿನಾದಲ್ಲೇ ತುಂಬಿಸಿಕೊಂಡು ಹೊರಡಿ.